ಗೂಢಲಿಪಿ ಕೀಲಿಗಳ ಭೌತಿಕ ಸುರಕ್ಷತೆ: ಬಡವನಹಳ್ಳಿಯ ಪಡಿತರ ಅಂಗಡಿಯಿಂದ ಮೇನ್‌ಫ್ರೇಮ್‌ವರೆಗೆ

ಯಂತ್ರವನ್ನು ಬಿಚ್ಚಿ, ಕೊರೆದು, ಮೆಮೊರಿ ಚಿಪ್ ಕಿತ್ತು ಗೂಢಲಿಪಿ ಕೀಲಿಯನ್ನು ಕದಿಯುವ ಅಪಾಯವನ್ನು ಅಳೆಯುವುದು ಹೇಗೆ? ಕಳವಿನ ಸಾಧ್ಯತೆಯನ್ನೂ ಅದರಿಂದಾಗುವ ಹಾನಿಯನ್ನೂ ಬೇರೆಬೇರೆಯಾಗಿ ತೂಗಬೇಕೆಂಬುದು ಈ ಲೇಖನದ ವಾದ.

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಂಥ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕಾಗಿ ಬೆರಳೊತ್ತಿದಾಗ ಆ ಗುರುತು 256 ಬಿಟ್‌ನ ಎಇಎಸ್ ಕೀಲಿಯಿಂದ ಗೂಢಗೊಳ್ಳುತ್ತದೆ. ಆ ಕೀಲಿಯನ್ನು ಆಧಾರ್ ಪ್ರಾಧಿಕಾರದ 2048 ಬಿಟ್‌ನ ಆರ್‌ಎಸ್‌ಎ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳಿಸಲಾಗುತ್ತದೆ. ಪ್ರಾಧಿಕಾರದ ದತ್ತಾಂಶ ಕೇಂದ್ರಗಳಿರುವುದು ಬೆಂಗಳೂರು ಮತ್ತು ಮಾನೇಸರ್‌ಗಳಲ್ಲಿ. ಈ ವ್ಯವಸ್ಥೆ ಮೇನ್‌ಫ್ರೇಮ್ ಅಲ್ಲದಿದ್ದರೂ ಉಳಿದ ಕೀಲಿಗಳನ್ನು ತೆರೆಯುವ ಮೂಲ ಕೀಲಿಯನ್ನು ಕಾಯುವ ಸಮಸ್ಯೆ ಎರಡಕ್ಕೂ ಒಂದೇ.

ಸಾಮಾನ್ಯ ಮೆಮೊರಿಯಲ್ಲಿ ಕೀಲಿ ಬಯಲಾಗಿರುವುದು ಅಪಾಯಕರ. ವಿದ್ಯುತ್ ಕಡಿತಗೊಂಡ ಮೇಲೂ ಡಿರ್ಯಾಮ್ ಎಂಬ ಈ ಮೆಮೊರಿ ಕೆಲವು ಸೆಕೆಂಡುಗಳ ಕಾಲ ಮಾಹಿತಿಯನ್ನು ಹಿಡಿದಿರುತ್ತದೆ, ತಂಪುಗೊಳಿಸಿದರೆ ಇನ್ನೂ ಹೆಚ್ಚು ಹೊತ್ತು ಎಂದು 2008ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತೋರಿಸಿದರು. ಐಬಿಎಂ ಮೇನ್‌ಫ್ರೇಮ್‌ಗಳು ಮೂಲ ಕೀಲಿಯನ್ನು ಪ್ರತ್ಯೇಕ ಕ್ರಿಪ್ಟೊ ಕಾರ್ಡಿನೊಳಗೆ ಇಡುವುದು ಕೀಲಿ ಹೀಗೆ ಬಯಲಾಗದಿರಲೆಂದೇ. ಕವಚ ಸೀಳಿದರೆ, ತಾಪ ಅಥವಾ ವೋಲ್ಟೇಜ್ ಮಿತಿಮೀರಿದರೆ ಕಾರ್ಡು ತಾನೇ ಕೀಲಿಯನ್ನು ಅಳಿಸುತ್ತದೆ. ಇಂಥ ಐಬಿಎಂ 4758 ಸಾಧನವು 1998ರಲ್ಲಿ ಅಮೆರಿಕ ಸರ್ಕಾರದ ಗೂಢಲಿಪಿ ಸುರಕ್ಷತಾ ಮಾನದಂಡವಾದ ಫಿಪ್ಸ್ 140-1ರ ಅತ್ಯುನ್ನತವಾದ 4ನೇ ಹಂತದ ಮಾನ್ಯತೆ ಪಡೆಯಿತು.

ಆದರೆ 2001ರಲ್ಲಿ ಕೇಂಬ್ರಿಜ್‌ನ ಮೈಕ್ ಬಾಂಡ್ ಮತ್ತು ರಿಚರ್ಡ್ ಕ್ಲೇಟನ್ ಅದರ ಕವಚವನ್ನು ಮುಟ್ಟದೆಯೇ, ಅದರ ತಂತ್ರಾಂಶದ ಆಜ್ಞೆಗಳ ದೋಷ ಬಳಸಿ, ಸುಮಾರು ಸಾವಿರ ಡಾಲರ್‌ನ ಯಂತ್ರಾಂಶದ ನೆರವಿನಿಂದ ಕೀಲಿಗಳನ್ನು ಹೊರತೆಗೆದರು. ಅವರಿಗೆ ಬೇಕಾಗಿದ್ದುದು ಅಧಿಕೃತ ಅನುಮತಿಯುಳ್ಳ ಒಬ್ಬ ಒಳಗಿನವನ ಸಹಾಯ. ಕೊರೆಯಲು ಬಿಡದ ಪೆಟ್ಟಿಗೆ, ಕೇಳಿದವನಿಗೆ ಕೀಲಿ ಒಪ್ಪಿಸಿತ್ತು.

ಹಳ್ಳಿಯ ತುದಿಯಲ್ಲಿ ಲೆಕ್ಕ ತಿರುಗುಮುರುಗು. ಬೆರಳಚ್ಚು ಸಾಧನ ದಿನವಿಡೀ ಪರರ ಕೈಗೆ ಸಿಗುತ್ತದೆ, ಹಾಗಾಗಿ ತಿದ್ದುವ ಸಾಧ್ಯತೆ ಹೆಚ್ಚು. ಸೆರೆಹಿಡಿದ ಬೆರಳಚ್ಚಿಗೆ ಅದು ಹಾಕುವ ಡಿಜಿಟಲ್ ಸಹಿಯ ಕೀಲಿ ಕಳುವಾದರೆ ಹಳೆಯ ಬೆರಳಚ್ಚನ್ನು ಹೊಸದೆಂದು ದಾಟಿಸಲು ಯತ್ನಿಸಬಹುದು. ಆದರೆ ಆ ಒಂದು ಸಾಧನವನ್ನು ರದ್ದುಪಡಿಸಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಸಹಿ ಮತ್ತು ಗೂಢೀಕರಣ ಎರಡನ್ನೂ ಸಾಧನದ ಸುರಕ್ಷಿತ ವಲಯದೊಳಗೇ ನಡೆಸುವ ಎಲ್-1 ಮಾನದಂಡದ ಉದ್ದೇಶ ಈ ಸಾಧ್ಯತೆಯನ್ನು ತಗ್ಗಿಸುವುದೇ. ಕೇಂದ್ರದ ಮೂಲ ಕೀಲಿಯ ಕಳವು ಅಪರೂಪ, ಆದರೆ ಅದು ನಡೆದರೆ ಹಾನಿಗೆ ಎಲ್ಲೆಯಿಲ್ಲ.

ಆದ್ದರಿಂದ ಹಳ್ಳಿಯ ಸಾಧನಕ್ಕೆ ಗಟ್ಟಿ ಯಂತ್ರಾಂಶ ಮತ್ತು ತ್ವರಿತ ರದ್ದತಿ ಬೇಕು. ಕೇಂದ್ರದಲ್ಲಿ ಕವಚ ಈಗಾಗಲೇ ಗಟ್ಟಿ; ಅಲ್ಲಿ ಹಲವರಿಗೆ ಹಂಚಿದ ಮೂಲ ಕೀಲಿಯ ಭಾಗಗಳೆಲ್ಲ ಎಂದೂ ಒಬ್ಬನೇ ವ್ಯಕ್ತಿಯ ಕೈ ಸೇರದಂತೆ ನೋಡಿಕೊಳ್ಳುವ ಕಾರ್ಯವಿಧಾನಕ್ಕೆ ಹೆಚ್ಚಿನ ಹಣವೂ ಗಮನವೂ ಸಲ್ಲಬೇಕು.