ಪರೋಕ್ಷ ಧೂಮಪಾನ

ಬೀಡಿ, ಸಿಗರೇಟು, ಚುಟ್ಟಾ, ಹುಕ್ಕಾ ಮೊದಲಾದವುಗಳನ್ನು ತಾನು ಸೇದದೆ, ಇತರರು ಸೇದುವಾಗ ಹೊರಬರುವ ಹೊಗೆಯನ್ನು ಉಸಿರಾಡುವುದಕ್ಕೆ ಪರೋಕ್ಷ ಧೂಮಪಾನ ಎನ್ನುತ್ತಾರೆ. ಇದಕ್ಕೆ ನಿಷ್ಕ್ರಿಯ ಧೂಮಪಾನ ಎಂಬ ಹೆಸರೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಧೂಮಪಾನಿಗಳಲ್ಲದ ಹತ್ತು ಲಕ್ಷಕ್ಕೂ ಹೆಚ್ಚು ಜನರು ಪ್ರತಿವರ್ಷ ಈ ಹೊಗೆಯಿಂದ ಸಾವನ್ನಪ್ಪುತ್ತಾರೆ. ಸಾರ್ವಜನಿಕ ಸ್ಥಳಗಳಲ್ಲಿ ಇದನ್ನು ತಡೆಯಲು ಕಾನೂನುಗಳಿವೆ. ಮನೆಯು ಆ ಕಾನೂನುಗಳ ವ್ಯಾಪ್ತಿಗೆ ಬರುವುದಿಲ್ಲ.

ಹೊಗೆಯ ಸ್ವರೂಪ

ಸೇದುವವನು ಒಳಗೆಳೆದುಕೊಂಡು ಹೊರಬಿಡುವ ಹೊಗೆ ಮತ್ತು ಉರಿಯುತ್ತಿರುವ ತುದಿಯಿಂದ ನೇರವಾಗಿ ಗಾಳಿಗೆ ಸೇರುವ ಹೊಗೆ ಎಂದು ಇದರಲ್ಲಿ ಎರಡು ಬಗೆಗಳಿವೆ. ಹೆಚ್ಚಿನ ಪಾಲು ಎರಡನೆಯದು. ಸೇದದೆ ಇರುವಾಗ ತುದಿಯು ಕಡಿಮೆ ಉಷ್ಣತೆಯಲ್ಲಿ ಅಪೂರ್ಣವಾಗಿ ಉರಿಯುವುದರಿಂದ ಈ ಹೊಗೆಯಲ್ಲಿ ಹಲವು ವಿಷವಸ್ತುಗಳ ಸಾಂದ್ರತೆ ಅಧಿಕ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲಾಗಿದೆ. ಬೀಡಿಯಲ್ಲಿ ತಂಬಾಕಿನ ಪ್ರಮಾಣ ಸಿಗರೇಟಿಗಿಂತ ಕಡಿಮೆಯಾದರೂ ಅದರ ಹೊಗೆ ನಿರಪಾಯಕಾರಿಯಲ್ಲ.

ಆರೋಗ್ಯದ ಮೇಲಿನ ಪರಿಣಾಮಗಳು

ಈ ಹೊಗೆಯು ರಕ್ತನಾಳಗಳ ಒಳಪದರಕ್ಕೆ ಹಾನಿಯುಂಟುಮಾಡಿ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತದೆ. ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಇದನ್ನು ಉಸಿರಾಡುವ ಧೂಮಪಾನಿಗಳಲ್ಲದವರಲ್ಲಿ ಹೃದ್ರೋಗದ ಸಂಭವ ಶೇ. 25–30ರಷ್ಟು, ಶ್ವಾಸಕೋಶದ ಕ್ಯಾನ್ಸರಿನ ಸಂಭವ ಶೇ. 20–30ರಷ್ಟು ಹೆಚ್ಚುತ್ತದೆ.

ಮಕ್ಕಳು ವಯಸ್ಕರಿಗಿಂತ ವೇಗವಾಗಿ ಉಸಿರಾಡುತ್ತಾರೆ. ಅವರ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ಆದುದರಿಂದ ಅವರಲ್ಲಿ ಉಬ್ಬಸ, ನ್ಯುಮೋನಿಯಾ ಮತ್ತು ಮಧ್ಯಕಿವಿಯ ಸೋಂಕು ಹೆಚ್ಚಾಗಿ ಕಂಡುಬರುತ್ತವೆ. ಹಸುಗೂಸುಗಳ ಹಠಾತ್ ಮರಣಕ್ಕೂ ಇದು ಕಾರಣವಾಗಬಲ್ಲದು. ಗರ್ಭಿಣಿಯರು ಈ ಹೊಗೆಯನ್ನು ಸೇವಿಸಿದರೆ ಶಿಶುವಿನ ಜನನತೂಕ ಕಡಿಮೆಯಾಗುತ್ತದೆ.

ಸಂಶೋಧನೆ

1981ರಲ್ಲಿ ಜಪಾನಿನ ವಿಜ್ಞಾನಿ ತಕೇಶಿ ಹಿರಯಾಮ ಅವರು, ಹೆಚ್ಚು ಧೂಮಪಾನ ಮಾಡುವವರ ಪತ್ನಿಯರು ತಾವು ಸೇದದಿದ್ದರೂ ಶ್ವಾಸಕೋಶದ ಕ್ಯಾನ್ಸರಿಗೆ ಹೆಚ್ಚಾಗಿ ತುತ್ತಾಗುವುದನ್ನು ತೋರಿಸಿಕೊಟ್ಟರು. ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿಯು ಈ ಹೊಗೆಗೆ ಸುರಕ್ಷಿತ ಮಿತಿ ಎಂಬುದಿಲ್ಲವೆಂದೂ, ಕಿಟಕಿ ತೆರೆಯುವುದರಿಂದ ಅಥವಾ ಫ್ಯಾನು ಹಾಕುವುದರಿಂದ ಅಪಾಯ ನಿವಾರಣೆಯಾಗುವುದಿಲ್ಲವೆಂದೂ ಸ್ಪಷ್ಟಪಡಿಸಿತು.

ಭಾರತದಲ್ಲಿ ಕಾನೂನು

ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 2ರಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿ ಆದೇಶ ನೀಡಿತು. 2003ರಲ್ಲಿ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ (ಕೋಟ್ಪಾ) ರಚನೆಯಾಯಿತು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಕೆಲಸದ ಸ್ಥಳಗಳನ್ನೂ ನಿಷೇಧದ ವ್ಯಾಪ್ತಿಗೆ ತಂದವು. ಉಲ್ಲಂಘನೆಗೆ ರೂ. 200ರವರೆಗೆ ದಂಡವಿತ್ತು.

ಕರ್ನಾಟಕ

ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಕೋಟ್ಪಾ ಕಾಯ್ದೆಗೆ ರಾಜ್ಯವು ತಂದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದರಂತೆ ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ದಂಡವು ರೂ. 1,000ಕ್ಕೆ ಏರಿತು. ತಂಬಾಕು ಉತ್ಪನ್ನಗಳನ್ನು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಹೆಚ್ಚಿತು.

ಮನೆಯೊಳಗಿನ ಹೊಗೆ

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಊರುಗಳಲ್ಲಿಯೂ ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿ, ಬಸ್ಸುಗಳಿಗೆ ಈ ನಿಷೇಧ ಅನ್ವಯಿಸುತ್ತದೆ. ಆದರೆ ನಡುಮನೆಗೆ, ಅಡುಗೆಮನೆಗೆ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಮನೆಯಲ್ಲಿ ಇತರರ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರ ಪ್ರಮಾಣವು ಭಾರತದಲ್ಲಿ 2009–10ರಲ್ಲಿ ಶೇ. 52.3 ಇದ್ದು, 2016–17ರ ವೇಳೆಗೆ ಶೇ. 38.7ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಸೇದುವವರು ಬಹುತೇಕ ಪುರುಷರು; ಮನೆಯಲ್ಲಿ ಆ ಹೊಗೆಯನ್ನು ಕುಡಿಯುವವರಾದರೋ ಬಹುಪಾಲು ಹೆಂಗಸರು, ಮಕ್ಕಳು ಮತ್ತು ವೃದ್ಧರು. ಅಡುಗೆ ಒಲೆಯ ಹೊಗೆಯೂ ಇದಕ್ಕೆ ಸೇರಿಕೊಂಡಲ್ಲಿ ಶ್ವಾಸಕೋಶಗಳ ಮೇಲಿನ ಹೊರೆ ಇನ್ನಷ್ಟು ಹೆಚ್ಚುತ್ತದೆ.

ತಡೆಗಟ್ಟುವಿಕೆ

ಮನೆ ಮತ್ತು ವಾಹನದೊಳಗೆ ಯಾರೂ ಸೇದದಿರುವುದೊಂದೇ ಪರಿಣಾಮಕಾರಿ ಉಪಾಯ. ಬೇರೆ ಕೋಣೆಯಲ್ಲಿ ಸೇದಿದರೂ ಹೊಗೆಯು ಮನೆಯೆಲ್ಲ ಹರಡುತ್ತದೆ. ಅದರ ಅಂಶಗಳು ಬಟ್ಟೆ, ಹಾಸಿಗೆ, ಗೋಡೆಗಳಲ್ಲಿ ಉಳಿಯುತ್ತವೆ. ಧೂಮಪಾನವನ್ನು ತ್ಯಜಿಸಬಯಸುವವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರವು 2018ರಿಂದ ಈ ಸೇವೆಯನ್ನು ದಕ್ಷಿಣ ಭಾರತದ ಭಾಷೆಗಳಲ್ಲಿ ಒದಗಿಸುತ್ತಿದೆ.