ಮಂಡ್ಯದ ನೆಲದಲ್ಲಿ ಜ್ವಾಲಾಮುಖಿಯ ಉಳಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಜ್ವಾಲಾಮುಖಿ ಇಲ್ಲ. ಮನುಷ್ಯರು ಕಂಡ ಕಾಲದಲ್ಲಿ ಎಂದೂ ಇರಲಿಲ್ಲ. ಆದರೆ ಭೂಮಿಯ ಬಾಲ್ಯದಲ್ಲಿ ಈ ಸೀಮೆಯಲ್ಲಿ ಲಾವಾ ಹರಿದಿತ್ತು. ಆ ಲಾವಾ ಮಾರ್ಪಟ್ಟು ಉಳಿದ ಕಲ್ಲು ಕೆ.ಆರ್.ಪೇಟೆ ಮತ್ತು ನಾಗಮಂಗಲದ ಹೊಲ, ಹಳ್ಳ, ದಿಣ್ಣೆಗಳಲ್ಲಿ ಇಂದಿಗೂ ಸಿಗುತ್ತದೆ. ಸಾವಿರಾರು ಮೈಲಿ ದೂರದ ಜ್ವಾಲಾಮುಖಿಗಳಿಗೂ ನಮ್ಮ ಮುಂಗಾರಿಗೂ ಸಂಬಂಧವುಂಟು.

335 ಕೋಟಿ ವರ್ಷದ ಲಾವಾ

ಮಂಡ್ಯ ಜಿಲ್ಲೆಯ ಬಹುಭಾಗದ ಅಡಿಪಾಯ ಪಟ್ಟೆಪಟ್ಟೆಯಾಗಿ ಕಾಣುವ ನೈಸ್ ಶಿಲೆ. ಅದರ ನಡುವೆ ಅಲ್ಲಲ್ಲಿ ಹಸಿರುಗಪ್ಪು ಬಣ್ಣದ, ಪದರ ಬಿಡುವ ಕಲ್ಲಿನ ಕಿರಿದಾದ ಪಟ್ಟಿಗಳಿವೆ. ಭೂವಿಜ್ಞಾನಿಗಳು ಇವುಗಳಲ್ಲಿ ಎರಡನ್ನು ಕೃಷ್ಣರಾಜಪೇಟೆ ಶಿಸ್ಟ್ ವಲಯ, ನಾಗಮಂಗಲ ಶಿಸ್ಟ್ ವಲಯ ಎಂದು ಗುರುತಿಸಿದ್ದಾರೆ. ಹಾಸನ ಜಿಲ್ಲೆಯ ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿ ವಲಯಗಳು ಇವುಗಳ ನೆರೆಯವು.

ಇಂಥ ಹಳೆಯ ವಲಯಗಳಲ್ಲಿ ಕೊಮಟಿಯೈಟ್ ಎಂಬ ಅಪರೂಪದ ಲಾವಾಶಿಲೆ ಇದೆ. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಬಳಿ 1969ರಲ್ಲಿ ಮೊದಲು ವಿವರಿಸಿದ್ದರಿಂದ ಅದಕ್ಕೆ ಆ ಹೆಸರು. ಈ ವಲಯಗಳನ್ನು ಒಳಗೊಂಡ, ಪಶ್ಚಿಮ ಧಾರವಾಡ ಎಂದು ಕರೆಯುವ ಪ್ರಾಚೀನ ಶಿಲಾಖಂಡದ ಕೊಮಟಿಯೈಟ್‌ಗಳು ಸುಮಾರು 335 ಕೋಟಿ ವರ್ಷ ಹಳೆಯವು ಎಂದು ಎಂ. ಜಯಾನಂದ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ.

ಈಗಿನ ಹವಾಯಿ ದ್ವೀಪದ ಲಾವಾ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬರುತ್ತದೆ. ಕೊಮಟಿಯೈಟ್ ಲಾವಾ ಸುಮಾರು 1,600 ಡಿಗ್ರಿಯಷ್ಟು ಬಿಸಿಯಾಗಿತ್ತು. ಆಗ ಭೂಮಿಯ ಒಡಲು ಇಂದಿಗಿಂತ ಬಹಳ ಕಾದಿತ್ತು. ಹವಾಯಿಯ ಲಾವಾವನ್ನು ಆಲೆಮನೆಯ ಕೊಪ್ಪರಿಗೆಯಲ್ಲಿ ಇಳಿಸುವ ಹೊತ್ತಿನ ಪಾಕ ಎಂದರೆ, ಕೊಮಟಿಯೈಟ್ ಆಗತಾನೇ ಕುದಿ ಬಂದ ಕಬ್ಬಿನ ಹಾಲಿನಷ್ಟು ತೆಳು. ಭೂಮಿ ತಣಿದಂತೆ ಇಂಥ ಲಾವಾ ಉಕ್ಕುವುದು ಬಹುತೇಕ ನಿಂತುಹೋಯಿತು.

ಕುಂತಿಬೆಟ್ಟ ಜ್ವಾಲಾಮುಖಿಯೇ?

ಒಂಟಿಯಾಗಿ ಎದ್ದು ನಿಂತ ಬೆಟ್ಟ ಕಂಡರೆ ಹಳೆಯ ಜ್ವಾಲಾಮುಖಿ ಇರಬಹುದು ಎಂದು ಅನೇಕರು ಊಹಿಸುತ್ತಾರೆ. ಪಾಂಡವಪುರದ ಕುಂತಿಬೆಟ್ಟ ಹಾಗಲ್ಲ, ಅದು ಗ್ರಾನೈಟ್ ಬೆಟ್ಟ. ಗ್ರಾನೈಟ್ ನೆಲದ ಮೇಲೆ ಉಕ್ಕಿ ಹರಿದ ಕಲ್ಲಲ್ಲ. ಕರಗಿದ ಶಿಲೆ ಆಳದಲ್ಲೇ ನಿಧಾನವಾಗಿ ತಣಿದು ಗಟ್ಟಿಯಾದದ್ದು. ಮೇಲಿನ ಪದರಗಳು ಕೋಟ್ಯಂತರ ವರ್ಷ ಸವೆದ ಬಳಿಕ ಅದು ಹೊರಗೆ ಕಾಣಿಸಿತು.

ಶ್ರೀರಂಗಪಟ್ಟಣದ ಸುತ್ತ ಇನ್ನೊಂದು ಬಗೆ ಇದೆ. ಅಲ್ಲಿ ಹಳೆಯ ಶಿಲೆಯ ಬಿರುಕುಗಳಿಗೆ ನುಗ್ಗಿದ ಶಿಲಾರಸ ಗೋಡೆಯಂತೆ ಗಟ್ಟಿಯಾಗಿದೆ. ಫೆಲ್ಸೈಟ್ ಮತ್ತು ಪಾರ್ಫಿರಿ ಎನ್ನುವ ಈ ಕಲ್ಲುಗಳಲ್ಲಿ ನಯವಾದ ಮೈಯೊಳಗೆ ದೊಡ್ಡ ಹರಳುಗಳು ಹುದುಗಿದ್ದು, ಹೊಳಪು ಕೊಟ್ಟರೆ ಚೆಂದ ಕಾಣುತ್ತವೆ. ಹಳೆಯ ಮೈಸೂರು ಸಂಸ್ಥಾನದ ಭೂವಿಜ್ಞಾನಿಗಳು ಇವನ್ನು ಅಲಂಕಾರಿಕ ಶಿಲೆಯೆಂದು ವಿಶೇಷವಾಗಿ ಗಮನಿಸಿದ್ದರು.

ಗುಡಿ, ಚಿನ್ನ, ಲಿಥಿಯಂ

ಮೆಗ್ನೀಸಿಯಂ ಹೆಚ್ಚಿರುವ ಕೊಮಟಿಯೈಟ್‌ನಂಥ ಶಿಲೆಗಳು ಒತ್ತಡ, ಶಾಖ, ನೀರಿಗೆ ಸಿಕ್ಕಿ ಕಾಲಾಂತರದಲ್ಲಿ ಮೆದುವಾಗುತ್ತವೆ. ಬಳಪದ ಕಲ್ಲು ಹುಟ್ಟುವುದು ಹೀಗೆ. ಹೊಯ್ಸಳರ ಶಿಲ್ಪಿಗಳು ಒಲಿಸಿಕೊಂಡದ್ದು ಈ ಜಾತಿಯ ಕಲ್ಲನ್ನು. ಕೆ.ಆರ್.ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಸುಮಾರು 1250ರಲ್ಲಿ ಕಟ್ಟಿದ ಲಕ್ಷ್ಮೀನಾರಾಯಣ ದೇವಾಲಯದ ಸೂಕ್ಷ್ಮ ಕೆತ್ತನೆ ಗ್ರಾನೈಟಿನಲ್ಲಿ ಸುಲಭಕ್ಕೆ ಒದಗುತ್ತಿರಲಿಲ್ಲ.

ಲಾವಾಶಿಲೆಗಳ ಬಿರುಕುಗಳಲ್ಲಿ ಬಿಸಿನೀರು ಹರಿದು ಚಿನ್ನವನ್ನೂ ಇಳಿಸಿ ಹೋಗುತ್ತದೆ. ಕೋಲಾರದ ಚಿನ್ನ ದೊರೆತದ್ದೂ ಇಂಥದೇ ಶಿಸ್ಟ್ ವಲಯದಲ್ಲಿ. ಕೆ.ಆರ್.ಪೇಟೆ ತಾಲ್ಲೂಕಿನ ಬೆಳ್ಳಿಬೆಟ್ಟದಲ್ಲಿ ಹಿಂದಿನವರು ಚಿನ್ನಕ್ಕಾಗಿ ಅಗೆದ ಗುಂಡಿಗಳಿವೆ.

ಇತ್ತೀಚೆಗೆ ಸುದ್ದಿಯಾದದ್ದು ಲಿಥಿಯಂ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜಗಳ ನಿರ್ದೇಶನಾಲಯವು 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿತು. ಇದು ಲಾವಾದಲ್ಲಿ ಇರುವಂಥದ್ದಲ್ಲ. ಹಳೆಯ ಶಿಸ್ಟ್ ಕಲ್ಲನ್ನು ಸೀಳಿಕೊಂಡು ಬಂದ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಲ್ಲಿದೆ.

ದೂರದ ಸ್ಫೋಟ, ನಮ್ಮ ಮುಂಗಾರು

ಜ್ವಾಲಾಮುಖಿಯ ದೊಡ್ಡ ಪೆಟ್ಟು ಹಲವು ಬಾರಿ ಲಾವಾದಿಂದ ಬರುವುದಿಲ್ಲ, ಗಂಧಕದ ಅನಿಲದಿಂದ ಬರುತ್ತದೆ. ಆ ಅನಿಲ ಮೇಲೇರಿ ಸೂಕ್ಷ್ಮ ಆಮ್ಲಹನಿಗಳಾಗಿ ಬಿಸಿಲನ್ನು ತಡೆಯುತ್ತದೆ. ನೆಲ ಸಾಕಷ್ಟು ಕಾಯದಿದ್ದರೆ ಸಮುದ್ರದಿಂದ ಮಳೆಗಾಳಿಯ ಸೆಳೆತ ಕುಗ್ಗುತ್ತದೆ.

ಐಸ್‌ಲ್ಯಾಂಡಿನ ಲಾಕಿ 1783ರ ಜೂನ್ 8ರಂದು ಬಾಯಿ ಬಿಟ್ಟು ಮರುವರ್ಷದ ಫೆಬ್ರುವರಿವರೆಗೆ ಉಗುಳಿತು. ಸುಮಾರು 27 ಕಿ.ಮೀ. ಉದ್ದದ ಬಿರುಕಿನಿಂದ ಅಂದಾಜು 12 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಹೊರಬಿತ್ತು. ಆ ಬಳಿಕ ಬಂದ ಬರದಲ್ಲಿ ಆ ದೇಶದ ಐದನೇ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರು. ಅದೇ 1783–84ರಲ್ಲಿ ಉತ್ತರ ಭಾರತದಲ್ಲಿ ಚಾಲೀಸಾ ಬರ ಬಿತ್ತು. ಲಾಕಿಯಂಥ ಸ್ಫೋಟ ಭಾರತದ ಮುಂಗಾರನ್ನು ದುರ್ಬಲಗೊಳಿಸಬಲ್ಲದು ಎಂದು ಹವಾಮಾನ ಮಾದರಿಗಳು ತೋರಿಸಿವೆ.

ಶ್ರೀರಂಗಪಟ್ಟಣದಲ್ಲಿ ಅದು ಟಿಪ್ಪು ಆಳ್ವಿಕೆಯ ಮೊದಲ ವರ್ಷ. ಹೈದರಾಲಿ 1782ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ. ಇಂಗ್ಲಿಷರೊಂದಿಗಿನ ಯುದ್ಧ 1784ರ ಮಾರ್ಚ್‌ನ ಮಂಗಳೂರು ಒಪ್ಪಂದದವರೆಗೆ ನಡೆಯಿತು. 1782ರಲ್ಲಿ ಮದರಾಸಿನ ಸೀಮೆ ಕಂಡ ಬರಕ್ಕೆ ಈ ಯುದ್ಧದ ಸುಲಿಗೆ ಕಾರಣವೇ ಹೊರತು ಲಾಕಿಯಲ್ಲ. ಅದು ಲಾಕಿಗೂ ಮೊದಲಿನದು. ಎಲ್ಲ ಬರವನ್ನೂ ಜ್ವಾಲಾಮುಖಿಯ ತಲೆಗೆ ಕಟ್ಟಲಾಗದು.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದಾಗ ಸುಮಾರು 4,300 ಮೀಟರ್ ಎತ್ತರದ ಬೆಟ್ಟ 2,850 ಮೀಟರಿಗೆ ಇಳಿಯಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಭಾರತದಲ್ಲೂ ಮಳೆ ಹದ ತಪ್ಪಿತು.

ಇಂದು ಅಪಾಯವಿದೆಯೇ?

ಇಲ್ಲ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಬೆಳಗಾವಿಯಿಂದ ಬೀದರ್‌ವರೆಗಿನ ಕಪ್ಪುಮಣ್ಣಿನ ಕೆಳಗಿರುವ ದಖ್ಖನ್ ಲಾವಾ ಕೂಡ 6.6 ಕೋಟಿ ವರ್ಷದ ಹಿಂದಿನದು. 2018ರಲ್ಲಿ ಕೆಆರ್‌ಎಸ್ ಸುತ್ತ ಭಾರಿ ಸದ್ದು ಕೇಳಿ ಜನ ಬೆಚ್ಚಿದಾಗ, ಅದಕ್ಕೆ ಕಲ್ಲುಗಣಿಯ ಸ್ಫೋಟ ಕಾರಣ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು.

ನಿಜವಾಗಿ ಅಪಾಯದಲ್ಲಿರುವುದು ಕಲ್ಲೇ. ಚಿತ್ರದುರ್ಗ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರ ಪಡೆದ ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಕೆ.ಆರ್.ಪೇಟೆ, ನಾಗಮಂಗಲದ ಹಳೆಯ ಶಿಲೆಗಳಲ್ಲಿ ಮುಖ್ಯವಾದವನ್ನು ಜಲ್ಲಿಯಾಗುವ ಮೊದಲೇ ಗುರುತಿಸಿ, ಫಲಕ ಹಾಕಿ, ಶಾಲೆಯ ಮಕ್ಕಳಿಗೆ ತೋರಿಸಬೇಕು. ಒಮ್ಮೆ ಒಡೆದ ಕೊಮಟಿಯೈಟ್ ಮತ್ತೆ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸುವಷ್ಟು ಬಿಸಿ ಭೂಮಿಯಲ್ಲೀಗ ಉಳಿದಿಲ್ಲ.