ಗೋಕಾಕದ ಪೇಟೆ ಹೇಳುವ ಇತಿಹಾಸ

ಇತಿಹಾಸವಿರುವುದು ಕೋಟೆ, ಶಾಸನಗಳಲ್ಲಷ್ಟೇ ಅಲ್ಲ, ಅಂಗಡಿಸಾಲಿನಲ್ಲೂ ಇದೆ. ಗೋಕಾಕ ಫಾಲ್ಸ್ ನೋಡಲು ಹೋದಾಗ ಗೋಕಾಕದ ಪೇಟೆಯಲ್ಲೂ ಒಮ್ಮೆ ಸುತ್ತಾಡಿ. ಅಲ್ಲಿ ಸಿಗುವ ಕರದಂಟಿಗೆ ಆ ಹೆಸರು ಬಂದದ್ದು ಅದರಲ್ಲಿ ಬೆರೆಸುವ ಕರಿದ ಅಂಟಿನಿಂದ. ಇನ್ನು, ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿದ ಗೊಂಬೆ, ಹಣ್ಣುಗಳು ಜೀನಗಾರರ ಕೈಕೆಲಸ. 'ಜೀನು' ಎಂದರೆ ಕುದುರೆಯ ಬೆನ್ನಿಗೆ ಹಾಕುವ ತಡಿ. ಕುದುರೆ ಸವಾರಿಯ ಕಾಲ ಮುಗಿದರೂ ಕಸುಬಿನ ಹೆಸರು ಉಳಿಯಿತು. ಕೈಚಳಕ ಗೊಂಬೆಗಳತ್ತ ತಿರುಗಿತು.

1887ರಲ್ಲಿ ಜಲಪಾತದ ಶಕ್ತಿಯಿಂದ ಗಿರಣಿ ನೂಲತೊಡಗಿತು. ಪಕ್ಕದಲ್ಲೇ ಯಂತ್ರ ಬಂದರೂ ಗೊಂಬೆ ಮಾತ್ರ ಕೈಕೆಲಸವಾಗಿಯೇ ಉಳಿಯಿತು. ಈಗ ಅದರ ಪೈಪೋಟಿ ಪ್ಲಾಸ್ಟಿಕ್ ಆಟಿಕೆಗಳೊಡನೆ. ಕೊಳ್ಳುವವರಿಲ್ಲದಿದ್ದರೆ ಹೆಸರಷ್ಟೇ ಉಳಿದೀತು. ನಿಮ್ಮೂರ ಪೇಟೆಯ ಕಸುಬುಗಳನ್ನೂ ಹಿರಿಯರಿಂದ ಕೇಳಿ ಬರೆದಿಡಿ.